ನೇಲ್ ಪಾಲಿಶ್‌ನಲ್ಲಿ ಜೇಡಿಮಣ್ಣು?

ಪ್ರಶ್ನೆ: ಮೇಡಂ, ಚಿಂತಾಮಣಿಯಲ್ಲಿ ಪಾರ್ಲರ್ ನಡೆಸುತ್ತೇನೆ. ನೇಲ್ ಪಾಲಿಶ್ ಬಾಟಲಿ ಮೇಲೆ ‘ಸ್ಟಿಯರಾಲ್ಕೋನಿಯಂ ಹೆಕ್ಟೊರೈಟ್’ ಅಂತಿದೆ. ಕಾಲೇಜು ಹುಡುಗಿಯೊಬ್ಬಳು ವಿಷ ಅಂದಳು. ನಿಜವೇ?

ಉತ್ತರ: ವಿಷವಲ್ಲಮ್ಮ, ಧೈರ್ಯವಾಗಿ ಹಚ್ಚಿ. ಹೆಕ್ಟೊರೈಟ್ ಒಂದು ಬಗೆಯ ಜೇಡಿಮಣ್ಣು. ನೀರಿನಲ್ಲಿ ಉಬ್ಬುತ್ತದೆ, ಪಾಲಿಶ್‌ನ ದ್ರಾವಕದಲ್ಲಿ ಬೆರೆಯುವುದಿಲ್ಲ. ಅದಕ್ಕೇ ಅದರ ಪದರಗಳಿಗೆ ಕೊಬ್ಬಿನ ಗುಣವಿರುವ ಅಮೋನಿಯಂ ಸಂಯುಕ್ತ ಸೇರಿಸುತ್ತಾರೆ; ಹಾಗೆ ಆದದ್ದೇ ನಿಮ್ಮ ಬಾಟಲಿಯ ಸ್ಟಿಯರಾಲ್ಕೋನಿಯಂ ಹೆಕ್ಟೊರೈಟ್. ಬಣ್ಣ, ಮಿನುಗು ತಳ ಸೇರದಂತೆ ಹಿಡಿದಿಡುವುದು ಇದೇ. ಬ್ರಷ್ ಆಡಿಸುವಾಗ ಪಾಲಿಶ್ ತೆಳುವಾಗಿ ಹರಡುತ್ತದೆ, ಕೈ ಬಿಟ್ಟೊಡನೆ ಮಂದವಾಗಿ ಉಗುರಿನ ಮೇಲೆ ನಿಲ್ಲುತ್ತದೆ. ಇಂಥ ಬಳಕೆ ಸುರಕ್ಷಿತವೆಂದು ಅಮೆರಿಕದ ಸೌಂದರ್ಯವರ್ಧಕ ಪರಿಶೀಲನಾ ತಜ್ಞರೂ ಹೇಳಿದ್ದಾರೆ.

ನನ್ನ ಕಳವಳ ನಿಮ್ಮ ಅಂಗಡಿಯ ಗಾಳಿಯದು. ಪಾಲಿಶ್‌ನ ಘಾಟು ದ್ರಾವಕದ್ದು, ದಿನವಿಡೀ ಅದನ್ನು ಉಸಿರಾಡುವವರು ನೀವು, ಕಿಟಕಿ ತೆರೆದಿಡಿ. ಮುಲ್ತಾನಿ ಮಿಟ್ಟಿಯೂ ಜೇಡಿಮಣ್ಣೇ; ಅದರ ಒಣಪುಡಿಯನ್ನು ಮುಖದ ಹತ್ತಿರ ಕೊಡವಬೇಡಿ, ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.