ಕಾಂತಸೂಜಿಯ ಅಲುಗಾಟ ಭೂಮಿಯ ಒಳಗಿನದ್ದನ್ನು ಹೇಳಬಲ್ಲದೇ?

ಪ್ರಶ್ನೆ: ಭೂಮಿಯ ಕಾಂತಕ್ಷೇತ್ರದ ಏರಿಳಿತ ನೋಡಿ, ನೂರಾರು ಕಿಲೋಮೀಟರ್ ಆಳದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತಾರಂತೆ. ಅಲ್ಲಿಗೆ ಯಾರೂ ಹೋಗಿಲ್ಲ, ಅಲ್ವಾ? ಇದನ್ನು ನಂಬಬಹುದೇ?

ಉತ್ತರ: ನಂಬಬಹುದು. ರಷ್ಯಾದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದರೂ ಇಳಿದದ್ದು 12 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರಾಚೆಗೆ ನಮಗೆ ಬೇರೆ ದಾರಿ ಬೇಕು.

1722ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ, ದಿಕ್ಸೂಚಿಯ ಮುಳ್ಳು ದಿನವಿಡೀ ಒಂಚೂರು ಅತ್ತಿತ್ತ ಸರಿಯುವುದನ್ನು ಗಮನಿಸಿದರು. ಅದು ಸುಮ್ನೆ ಸರಿಯುವುದಿಲ್ಲ. ನೂರು ಕಿಲೋಮೀಟರಿಗಿಂತ ಮೇಲೆ, ಬಿಸಿಲು ಬಿದ್ದ ಗಾಳಿಯಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಅದು ಹೆಚ್ಚುಕಮ್ಮಿಯಾದಂತೆ ಕಾಂತಕ್ಷೇತ್ರವೂ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರ ನೆಲದೊಳಗೂ ಕರೆಂಟ್ ಹುಟ್ಟಿಸುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ನಡೆಯುವುದೂ ಇದೇ. ಹಾಗೆ ಹುಟ್ಟಿದ ಕರೆಂಟಿಗೆ ತನ್ನದೇ ಕಾಂತಕ್ಷೇತ್ರವಿದೆ. ಒಳಗೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಸುಳಿವು ಸಿಗುವುದು ಅದರಿಂದಲೇ. ಮೇಲಿನಿಂದ ಬಂದದ್ದೆಷ್ಟು, ಒಳಗಿನಿಂದ ಬಂದದ್ದೆಷ್ಟು ಎಂದು 1889ರಲ್ಲಿ ಭೌತವಿಜ್ಞಾನಿ ಆರ್ಥರ್ ಶುಸ್ಟರ್ ಬೇರ್ಪಡಿಸಿ ತೋರಿಸಿದರು. ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಆರಂಭ ಅದು.

ಇನ್ನು ಆಳದ ಲೆಕ್ಕ. ಏರಿಳಿತ ನಿಧಾನವಾದಷ್ಟೂ ಆಳಕ್ಕೆ ಇಳಿಯುತ್ತದೆ. ಬಂಡೆಯ ರೋಧಕತೆ, ಅಂದರೆ ಕರೆಂಟನ್ನು ಅದು ಎಷ್ಟು ತಡೆಯುತ್ತದೆ ಎಂಬುದರ ಅಳತೆ, 100 ಓಮ್-ಮೀಟರ್ ಎಂದುಕೊಳ್ಳಿ. ಒಂದು ಸೆಕೆಂಡಿಗೊಮ್ಮೆ ಏರಿ ಇಳಿಯುವ ಏರಿಳಿತ ಸುಮಾರು 5 ಕಿಲೋಮೀಟರ್ ಹೋಗುವಷ್ಟರಲ್ಲಿ ಮೂರನೇ ಒಂದರಷ್ಟು ಉಳಿದಿರುತ್ತದೆ. 10,000 ಸೆಕೆಂಡಿನದು, ಅಂದರೆ ಹತ್ತಿರ ಹತ್ತಿರ ಮೂರು ಗಂಟೆಯದು, 500 ಕಿಲೋಮೀಟರ್ ಮುಟ್ಟುತ್ತದೆ. ಆಳ ನೋಡಬೇಕೆಂದರೆ ಕಾಯಲೇಬೇಕು.

ಕಾಂತಕ್ಷೇತ್ರದ ಜೊತೆಗೆ ನೆಲದ ವಿದ್ಯುತ್ ಕ್ಷೇತ್ರವನ್ನೂ ಅಳೆದರೆ ಒಂದೇ ಜಾಗದಿಂದ ಲೆಕ್ಕ ಹಾಕಬಹುದು. 1950ರಲ್ಲಿ ರಷ್ಯಾದ ಗಣಿತಜ್ಞ ತಿಖೋನೊವ್, 1953ರಲ್ಲಿ ಫ್ರಾನ್ಸಿನ ಭೂಭೌತವಿಜ್ಞಾನಿ ಕಾನ್ಯಾರ್ ಕೊಟ್ಟ ದಾರಿ ಇದು. ವಿದ್ಯುತ್ ಕ್ಷೇತ್ರ ಅಳೆಯಲು ನೆಲದ ಎರಡು ಕಡೆಗಳ ನಡುವೆ ಉದ್ದ ತಂತಿ ಎಳೆಯುತ್ತೇವೆ. ಇಂಥ ಅಳತೆಗೆ ಹೋದಾಗಲೆಲ್ಲ ನನ್ನ ಹೆಚ್ಚಿನ ಹೊತ್ತು ಹೋಗುವುದು ತಂತಿಯ ಮೇಲೆ. ತಂತಿಯನ್ನು ನೆಲಕ್ಕೆ ಒತ್ತಿ, ಮೇಲೆ ಮಣ್ಣು ಹಾಕುತ್ತೇವೆ. ಗಾಳಿಗೆ ಅದು ತೂಗಿದರೆ ಸಾಕು, ಭೂಮಿಯ ಕಾಂತಕ್ಷೇತ್ರದಲ್ಲಿ ಆಡಿದ ತಂತಿಯಲ್ಲೇ ವೋಲ್ಟೇಜ್ ಹುಟ್ಟಿ ದಾಖಲೆ ಕೆಡುತ್ತದೆ. ತಂತಿಯ ತುದಿಗಳಲ್ಲಿ ನೆಲಕ್ಕೆ ಬರೀ ಕಬ್ಬಿಣದ ಸರಳು ಊರುವುದಿಲ್ಲ. ಒದ್ದೆ ಮಣ್ಣಿನಲ್ಲಿ ಅದು ತಾನೇ ಬ್ಯಾಟರಿಯಂತೆ ವರ್ತಿಸುತ್ತದೆ. ಅದರ ಬದಲು ಸೀಸ ಮತ್ತು ಸೀಸದ ಕ್ಲೋರೈಡ್ ತುಂಬಿದ ಕುಡಿಕೆಗಳನ್ನು ಹೂಳುತ್ತೇವೆ. ಇಷ್ಟೆಲ್ಲ ಏಕೆಂದರೆ, ನಾವು ಹುಡುಕುವ ಏರಿಳಿತ ತೀರಾ ಚಿಕ್ಕದು. ಕಾಂತಕ್ಷೇತ್ರವನ್ನು ಅಳೆಯುವ ಮಾನ ನ್ಯಾನೊಟೆಸ್ಲಾ; ಭೂಮಿಯ ಕಾಂತಕ್ಷೇತ್ರ 25,000ದಿಂದ 65,000 ನ್ಯಾನೊಟೆಸ್ಲಾ. ಶಾಂತ ದಿನದ ಏರಿಳಿತ ಕೆಲವೇ ಹತ್ತು ನ್ಯಾನೊಟೆಸ್ಲಾ. ಸೆಕೆಂಡುಗಳ ಏರಿಳಿತ ಅದಕ್ಕಿಂತಲೂ ಎಷ್ಟೋ ಚಿಕ್ಕದು.

ಪ್ರಶ್ನೆ: ಹಾಗಾದರೆ ಕೆಳಗೆ ನೀರಿದೆಯೋ, ಕರಗಿದ ಬಂಡೆ ಇದೆಯೋ ಗೊತ್ತಾಗುತ್ತದೆಯೇ?

ಉತ್ತರ: ಇದೊಂದರಿಂದಲೇ ಗೊತ್ತಾಗುವುದಿಲ್ಲ. ಒಣ ಗ್ರಾನೈಟಿನ ರೋಧಕತೆ ಸಾವಿರಾರು ಓಮ್-ಮೀಟರ್, ಸಮುದ್ರದ ನೀರಿನದು ಒಂದಕ್ಕಿಂತ ಕಡಿಮೆ. ಆದರೆ ಉಪ್ಪುನೀರು, ಕರಗಿದ ಬಂಡೆ, ಗ್ರಾಫೈಟಿನ ತೆಳು ಪದರ, ಮೂರೂ ಕರೆಂಟನ್ನು ಚೆನ್ನಾಗಿ ಒಯ್ಯುತ್ತವೆ. ಆದ್ದರಿಂದ ಭೂಕಂಪದ ಅಲೆಗಳ ದಾಖಲೆಯನ್ನೂ ಪಕ್ಕದಲ್ಲಿಟ್ಟು ಓದಬೇಕು. ಕರಗಿದ ಬಂಡೆ ಆ ಅಲೆಗಳನ್ನು ನಿಧಾನಗೊಳಿಸುತ್ತದೆ. ತೆಳು ಗ್ರಾಫೈಟಿನಿಂದ ಅವುಗಳ ವೇಗ ಹೆಚ್ಚೇನೂ ಬದಲಾಗುವುದಿಲ್ಲ.