ಸಂಪಾದಕರ ಉತ್ತರ: ಚುಕ್ಕಿಯನ್ನು ಕಾಡಿಗೆ ಬಿಡಬಾರದೇ?

ಅಮ್ಮಾ,

ನಿಮ್ಮ ನಾಲ್ಕು ಪುಟಗಳ ಪತ್ರ ಕೈಸೇರಿ ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮೆಯಿರಲಿ. ಎರಡು ಬಾರಿ ಉತ್ತರ ಬರೆದು ಹರಿದೆ. ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಕೊಡುತ್ತೇನೆ.

ನೀವು ಬನಶಂಕರಿಯಲ್ಲಿರುವ ನಿವೃತ್ತ ಶಿಕ್ಷಕಿ. ಮದ್ದೂರಿನ ಬಳಿ ನಿಮ್ಮ ತಮ್ಮನ ಗದ್ದೆಯಲ್ಲಿ ಕಬ್ಬು ಕಟಾವು ನಡೆಯುವಾಗ ತರಗಿನ ನಡುವೆ ಒಂದು ಚಿರತೆ ಮರಿ ಸಿಕ್ಕಿತು. ಆಗಷ್ಟೇ ಕಣ್ಣು ಬಿಟ್ಟಿತ್ತು. ಯಾರಾದರೂ ಹೊಡೆದುಹಾಕಿಯಾರು ಎಂಬ ಭಯದಿಂದ ಅದನ್ನು ಮನೆಗೆ ತಂದು, ಚುಕ್ಕಿ ಎಂದು ಹೆಸರಿಟ್ಟು, ನಲವತ್ತು ದಿನ ಮೇಕೆ ಹಾಲು ಕುಡಿಸಿ ಸಾಕಿದಿರಿ. ಆಮೇಲೆ ಅರಣ್ಯ ಇಲಾಖೆಯವರು ಬಂದು ಒಯ್ದರು. ಈಗ ಅದಕ್ಕೆ ಎರಡು ವರ್ಷ. ಪುನರ್ವಸತಿ ಕೇಂದ್ರಕ್ಕೆ ಹೋಗಿ ಹೆಸರು ಹಿಡಿದು ಕರೆದಾಗ ಜಾಲರಿಯ ಹತ್ತಿರ ಬಂದು ಕೆನ್ನೆ ಉಜ್ಜಿತು ಎಂದು ಬರೆದಿದ್ದೀರಿ. ಕೊನೆಯಲ್ಲಿ ನೀವು ಕೇಳಿರುವುದು ಇದು: “ಎಲ್ಸಾ ಎಂಬ ಸಿಂಹಿಣಿಯನ್ನು ಸಾಕಿ ಕಾಡಿಗೆ ಬಿಟ್ಟ ದಂಪತಿಯ ಬಗ್ಗೆ ನಿಮ್ಮ ಪತ್ರಿಕೆಯೇ ಬರೆದಿತ್ತು. ಆಫ್ರಿಕಾದಲ್ಲಿ ಆದದ್ದು ಇಲ್ಲೇಕೆ ಆಗದು? ಏನೂ ತಪ್ಪು ಮಾಡದ ನನ್ನ ಚುಕ್ಕಿಗೆ ಜೀವಾವಧಿ ಶಿಕ್ಷೆಯೇ?”

ಮೊದಲು ಒಂದು ಮಾತು. ಆ ನಲವತ್ತು ದಿನ ನೀವು ಪಟ್ಟ ಪಾಡು ಸಾಮಾನ್ಯವಾದುದಲ್ಲ. ತಾಯಿ ನಾಲಗೆಯಿಂದ ನೆಕ್ಕದಿದ್ದರೆ ಅಷ್ಟು ಎಳೆಯ ಮರಿಗೆ ಮಲಮೂತ್ರ ಸಲೀಸಾಗಿ ಆಗುವುದಿಲ್ಲ. ಪಶುವೈದ್ಯರು ಹೇಳಿದಂತೆ ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ, ಪ್ರತಿ ಬಾರಿ ಹಾಲು ಕುಡಿಸಿದ ಮೇಲೆ ಹೊಟ್ಟೆಯ ಕೆಳಗೆ ಮೆಲ್ಲಗೆ ಒರೆಸುತ್ತಿದ್ದೆ, ರಾತ್ರಿ ಎರಡು ಗಂಟೆಗೂ ಏಳುತ್ತಿದ್ದೆ ಎಂದಿದ್ದೀರಿ. ಹಸುವಿನ ಹಾಲು ಕುಡಿದು ಭೇದಿಯಾಗಿ ಸಾಯುವ ಮರಿಗಳೆಷ್ಟೋ. ಬರೀ ಮೆದು ಮಾಂಸ ತಿನ್ನಿಸಿ, ಎಲುಬಿನ ಸುಣ್ಣದಂಶ ಸಿಗದೆ ಕಾಲು ಸೊಟ್ಟಗಾದ ಮರಿಗಳೂ ಉಂಟು. ಚುಕ್ಕಿ ಬದುಕಿದ್ದು ನಿಮ್ಮಿಂದ. ಅದರಲ್ಲಿ ನನಗೆ ಸಂಶಯವಿಲ್ಲ.

ಆದರೂ ಅದನ್ನು ಕಾಡಿಗೆ ಬಿಡಬಾರದು ಎಂದೇ ನಾನು ಹೇಳಬೇಕಾಗಿದೆ.

ಎಲ್ಸಾಳ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿ ಬರೆದಿದ್ದೆವು, ಪೂರ್ತಿ ಮಾಡುತ್ತೇನೆ. 1956ರಲ್ಲಿ ಕೀನ್ಯಾದ ವನ್ಯಜೀವಿ ಅಧಿಕಾರಿ ಜಾರ್ಜ್ ಆಡಮ್ಸನ್, ತಮ್ಮ ಮೇಲೆ ಎರಗಿದ ಸಿಂಹಿಣಿಯೊಂದನ್ನು ಗುಂಡಿಟ್ಟು ಕೊಂದರು. ಅದಕ್ಕೆ ಮೂರು ಮರಿಗಳಿದ್ದವು. ಎರಡನ್ನು ರೋಟರ್‌ಡ್ಯಾಮ್ ಮೃಗಾಲಯಕ್ಕೆ ಕಳುಹಿಸಿ, ಮೂರನೆಯದನ್ನು ಜಾರ್ಜ್ ಮತ್ತು ಪತ್ನಿ ಜಾಯ್ ಸಾಕಿದರು. ಎಲ್ಸಾ ಬೇಟೆ ಕಲಿತಳು, ಕಾಡಿನ ಗಂಡು ಸಿಂಹದೊಂದಿಗೆ ಕೂಡಿ ಮೂರು ಮರಿಗಳನ್ನೂ ಹೆತ್ತಳು. ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತು. 1961ರ ಜನವರಿಯಲ್ಲಿ, ಐದು ವರ್ಷವಾಗುವ ಹೊತ್ತಿಗೆ, ರಕ್ತ ಹೀರುವ ಉಣ್ಣಿಹುಳುವಿನಿಂದ ಹರಡುವ ರೋಗ ತಗುಲಿ ಅವಳು ಸತ್ತಳು. ತಾಯಿಯಿಲ್ಲದ ಮರಿಗಳು ಹಳ್ಳಿಗರ ಮೇಕೆಗಳಿಗೆ ಬಾಯಿ ಹಾಕಿದವು. ಕೊನೆಗೆ ಅವುಗಳನ್ನು ಹಿಡಿದು ದೂರದ ಸೆರೆಂಗೆಟಿಗೆ ಸಾಗಿಸಬೇಕಾಯಿತು.

ನಿಮ್ಮ ಮೊಮ್ಮಗಳು ಮೊಬೈಲ್‌ನಲ್ಲಿ ತೋರಿಸಿದಳು ಎಂದ ವಿಡಿಯೊ, ಸಿಂಹವೊಂದು ಇಬ್ಬರು ಯುವಕರ ಹೆಗಲ ಮೇಲೆ ಕಾಲಿಟ್ಟು ಅಪ್ಪಿಕೊಳ್ಳುವುದು, ಕ್ರಿಶ್ಚಿಯನ್ ಎಂಬ ಸಿಂಹದ್ದು. ಲಂಡನ್ನಿನ ಅಂಗಡಿಯೊಂದರಲ್ಲಿ ಕೊಂಡು ಸಾಕಿದ ಸಿಂಹ ಅದು. ಅದನ್ನು ಕಾಡಿಗೆ ಹೊಂದಿಸಲು ಕೀನ್ಯಾದ ಕೋರಾದಲ್ಲಿ ಇದೇ ಜಾರ್ಜ್ ಆಡಮ್ಸನ್ ಅವರ ಶಿಬಿರಕ್ಕೆ ಕಳುಹಿಸಿದ್ದರು. ಆ ಅಪ್ಪುಗೆಯ ವರ್ಷ 1971. ಅದೇ ವರ್ಷ, ಅದೇ ಶಿಬಿರದಲ್ಲಿ, ‘ಬಾಯ್’ ಎಂಬ ಇನ್ನೊಂದು ಸಿಂಹ ಆಡಮ್ಸನ್ ಅವರ ಸಹಾಯಕನನ್ನು ಕೊಂದಿತು. ಅದು ಸೈನ್ಯದ ತುಕಡಿಯೊಂದರ ಮುದ್ದಿನ ಪ್ರಾಣಿಯಾಗಿ ಮನುಷ್ಯರ ನಡುವೆಯೇ ಬೆಳೆದದ್ದು. ತಾವೇ ಪ್ರೀತಿಯಿಂದ ಸಾಕಿದ ಅದನ್ನು ಆಡಮ್ಸನ್ ತಾವೇ ಗುಂಡಿಟ್ಟು ಕೊಂದರು. ಅಪ್ಪುಗೆಯ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಈ ಸಾವು ಕೋರಾದಲ್ಲೇ ಉಳಿಯಿತು.

ನಮ್ಮ ದೇಶದ ಉದಾಹರಣೆಯೂ ಇದೆ. ಉತ್ತರ ಪ್ರದೇಶದ ದುಧ್ವಾ ಕಾಡಿನ ಅಂಚಿನಲ್ಲಿದ್ದ ಬಿಲ್ಲಿ ಅರ್ಜನ್ ಸಿಂಗ್ 1970ರ ದಶಕದಲ್ಲಿ ಮೂರು ಚಿರತೆಗಳನ್ನೂ ತಾರಾ ಎಂಬ ಹುಲಿಯನ್ನೂ ಸಾಕಿ ಕಾಡಿಗೆ ಬಿಟ್ಟರು. ಅವರ ಹೆಣ್ಣು ಚಿರತೆ ಹ್ಯಾರಿಯೆಟ್ ಕಾಡಿನಲ್ಲಿ ಮರಿ ಹಾಕಿತ್ತು. ಮಳೆಗಾಲದಲ್ಲಿ ಪ್ರವಾಹ ಏರಿದಾಗ ಅದು ಮರಿಗಳನ್ನು ಬಾಯಲ್ಲಿ ಕಚ್ಚಿ ತಂದು ಅರ್ಜನ್ ಸಿಂಗ್ ಅವರ ಅಡುಗೆಮನೆ ಸೇರಿಸಿತು. ನೀರಿಳಿದ ಮೇಲೆ ಹಿಂತಿರುಗಲು ದೋಣಿ ಹತ್ತಿ ಕುಳಿತಿತು. ಇದನ್ನು ಮೊದಲು ಓದಿದಾಗ ನನ್ನ ಕಣ್ಣು ತೇವವಾಗಿತ್ತು. ಈಗಲೂ ಆಗುತ್ತದೆ. ಆದರೆ ಅದು ನಡೆದದ್ದು ಕಾಡಂಚಿನ ಒಂಟಿ ಮನೆಯಲ್ಲಿ. ಅಲ್ಲಿ ಇದ್ದವರು ಆ ಚಿರತೆಗಾಗಿಯೇ ಬದುಕಿದ ಒಬ್ಬ ಮನುಷ್ಯ. ಅದೇ ಚಿರತೆ ಮರಿ ಕಚ್ಚಿಕೊಂಡು ಮದ್ದೂರಿನ ಬಳಿ ಯಾರದೋ ಹಿತ್ತಿಲ ಬಾಗಿಲಿಗೆ ಬಂದು ನಿಂತರೆ?

ತಾರಾಳದು ಇನ್ನೂ ಸಂಕಟದ ಕಥೆ. ಅವಳನ್ನು 1976ರಲ್ಲಿ ಇಂಗ್ಲೆಂಡಿನ ಟ್ವೈಕ್ರಾಸ್ ಮೃಗಾಲಯದಿಂದ ತರಿಸಲಾಗಿತ್ತು. 1978ರಲ್ಲಿ ಕಾಡು ಸೇರಿದಳು. ಆ ಭಾಗದಲ್ಲಿ ಹುಲಿಗಳು ಮನುಷ್ಯರನ್ನು ಕೊಲ್ಲತೊಡಗಿದಾಗ ಬೊಟ್ಟು ಅವಳ ಕಡೆಗೇ ತಿರುಗಿತು. 1980ರಲ್ಲಿ ಗುಂಡಿಗೆ ಬಲಿಯಾದ ಹುಲಿ ತಾರಾ ಎಂದು ಇಲಾಖೆ ಹೇಳಿತು, ಅಲ್ಲವೆಂದು ಅರ್ಜನ್ ಸಿಂಗ್ ಕಡೆಯವರೆಗೂ ವಾದಿಸಿದರು. ಅವಳ ವಂಶದಲ್ಲಿ ಸೈಬೀರಿಯಾದ ಹುಲಿಯ ರಕ್ತವೂ ಬೆರೆತಿತ್ತು ಎಂಬುದು ಆಮೇಲೆ ಬೆಳಕಿಗೆ ಬಂತು.

ಇಷ್ಟಾದರೂ, ಸಾಕಿದ ಹುಲಿ ಕಾಡಿಗೆ ಮರಳುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಮಧ್ಯಪ್ರದೇಶದ ಪನ್ನಾದಲ್ಲಿ 2009ರ ವೇಳೆಗೆ ಹುಲಿ ಸಂಪೂರ್ಣ ಅಳಿದಿತ್ತು. ಆರ್. ಶ್ರೀನಿವಾಸಮೂರ್ತಿ ಅವರು ಕ್ಷೇತ್ರ ನಿರ್ದೇಶಕರಾಗಿದ್ದಾಗ ಅಲ್ಲಿ ಹುಲಿಗಳನ್ನು ಮತ್ತೆ ನೆಲೆಗೊಳಿಸುವ ಕೆಲಸ ನಡೆಯಿತು. 2011ರಲ್ಲಿ ಕಾನ್ಹಾದಿಂದ ತಂದು ಬಿಟ್ಟ ಅಕ್ಕತಂಗಿ ಹುಲಿಗಳು, ಟಿ-4 ಮತ್ತು ಟಿ-5, ತಾಯಿ ಇಲ್ಲದೆ ಮನುಷ್ಯರ ಆರೈಕೆಯಲ್ಲೇ ಬೆಳೆದಂಥವು. ಕಾಡಿನಲ್ಲಿ ಬದುಕಿದವು, ಮರಿಯನ್ನೂ ಹಾಕಿದವು. ರಷ್ಯಾದ ದೂರಪ್ರಾಚ್ಯದಲ್ಲಿ 2012ರ ಚಳಿಗಾಲದಲ್ಲಿ ಸಿಕ್ಕ ಅನಾಥ ಹುಲಿಮರಿ ಜೊಲುಷ್ಕಾಳನ್ನು 2013ರ ಮೇ ತಿಂಗಳಲ್ಲಿ ಬಾಸ್ತಾಕ್ ಕಾಡಿಗೆ ಬಿಟ್ಟರು. ಅವಳೂ 2015ರಲ್ಲಿ ತಾಯಿಯಾದಳು.

ಇವು ಗೆದ್ದದ್ದು ಹೇಗೆ? ಕಾಡಿನೊಳಗೇ ಕಟ್ಟಿದ ದೊಡ್ಡ ಆವರಣದಲ್ಲಿ ಜೀವಂತ ಜಿಂಕೆ ಅಟ್ಟಿ ಹಿಡಿಯುವುದನ್ನು ಕಲಿತು ಬೆಳೆದವು. ಆಹಾರದ ಜೊತೆ ಮನುಷ್ಯನ ಮುಖ ಕಾಣದಂತೆ, ದನಿ ಕೇಳದಂತೆ ನೋಡಿಕೊಳ್ಳುವುದು ಈ ಕೆಲಸದ ಜೀವಾಳ. ತಾಯಿಯಿಲ್ಲದ ಹುಲಿಮರಿಗಳ ಬಗ್ಗೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮವೂ ಕಟ್ಟುನಿಟ್ಟಾಗಿದೆ: ಅಂಥ ಆವರಣದಲ್ಲಿ ಎರಡು ವರ್ಷ ಬೆಳೆದು, ಕನಿಷ್ಠ 50 ಬಾರಿ ಯಶಸ್ವಿಯಾಗಿ ಬೇಟೆಯಾಡಿದ ಮೇಲೆಯೇ ಬಿಡುಗಡೆಯ ಮಾತು.

ಬೇಟೆಯಾಡುವುದನ್ನು ಚುಕ್ಕಿಗೂ ಕಲಿಸಬಹುದು. ಹೊಂಚುವುದು, ನೆಗೆಯುವುದು ಅದರ ರಕ್ತದಲ್ಲೇ ಇದೆ. ನೀವೇ ಬರೆದಿದ್ದೀರಿ, ತಿಂಗಳ ಮರಿಯಾಗಿದ್ದಾಗಲೇ ಸೀರೆಯ ಸೆರಗಿಗೆ ಹೊಂಚು ಹಾಕುತ್ತಿತ್ತು ಎಂದು. ಕಲಿಸಲಾಗದ್ದು ಮನುಷ್ಯನ ಭಯ. ಆ ಭಯವನ್ನು ತಾಯಿ ಚಿರತೆ ಒಂದೂವರೆ ಎರಡು ವರ್ಷ ಜೊತೆಗಿಟ್ಟುಕೊಂಡು ಮರಿಗೆ ದಾಟಿಸುತ್ತದೆ. ನಾಯಿ ಬೊಗಳಿದರೆ ಹೊಲದಲ್ಲಿ ಉಸಿರು ಬಿಗಿಹಿಡಿದು ಮಲಗುವುದು, ಬ್ಯಾಟರಿ ಬೆಳಕು ಕಂಡರೆ ದಾರಿ ಬದಲಿಸುವುದು, ಮನುಷ್ಯರ ಮಾತು ಕೇಳಿದರೆ ಸದ್ದಿಲ್ಲದೆ ಸರಿದುಹೋಗುವುದು. ಮಂಡ್ಯ, ರಾಮನಗರ, ತುಮಕೂರಿನಲ್ಲಿ ನೂರಾರು ಹಳ್ಳಿಗಳ ನಡುವೆ ಚಿರತೆಗಳು ಯಾರ ಕಣ್ಣಿಗೂ ಬೀಳದೆ ಬದುಕಿರುವುದು ಈ ಭಯದ ಬಲದಿಂದಲೇ. ಚುಕ್ಕಿಗೆ ಮನುಷ್ಯರ ದನಿಯೆಂದರೆ ಹಾಲು, ಮಡಿಲು. ನೀವು ಸಂತೋಷದಿಂದ ಬರೆದ ಆ ಸಾಲು, ಕರೆದ ಕೂಡಲೇ ಜಾಲರಿಗೆ ಬಂದು ಕೆನ್ನೆ ಉಜ್ಜಿತು ಎಂಬುದು, ಅದನ್ನು ಯಾಕೆ ಬಿಡಬಾರದು ಎಂಬುದಕ್ಕೆ ನನ್ನ ಬಳಿಯಿರುವ ಅತಿ ದೊಡ್ಡ ಪುರಾವೆ.

ನಮ್ಮೂರಿನಲ್ಲೇ ನೋಡಿ. 2016ರ ಫೆಬ್ರವರಿಯಲ್ಲಿ ಕುಂದಲಹಳ್ಳಿ ಕಡೆಯ ಶಾಲೆಗೆ ಚಿರತೆ ನುಗ್ಗಿದಾಗ, ಅದನ್ನು ಹಿಡಿಯಲು ಹೋದವರ ಪೈಕಿ ಚಿರತೆಗಳನ್ನೇ ಅಧ್ಯಯನ ಮಾಡುವ ಸಂಜಯ್ ಗುಬ್ಬಿ ಕೂಡ ಗಾಯಗೊಂಡರು. 2023ರಲ್ಲಿ ಕೂಡ್ಲು ಗೇಟ್ ಬಳಿ ಅಪಾರ್ಟ್‌ಮೆಂಟ್‌ಗಳ ನಡುವೆ ಸಿಕ್ಕಿಕೊಂಡ ಚಿರತೆ ರಾಜ್ಯೋತ್ಸವದ ದಿನ ಗುಂಡೇಟಿಗೆ ಸತ್ತಿತು. ದಾರಿ ತಪ್ಪಿ ಜನರ ನಡುವೆ ಬಂದ ಪ್ರಾಣಿಗಳ ಪಾಡೇ ಹೀಗಾದರೆ, ಜನರನ್ನೇ ಹುಡುಕಿಕೊಂಡು ಬರುವ ಚುಕ್ಕಿಯ ಗತಿ ಏನು? ಅದು ಹತ್ತಿರ ಬಂದರೆ ಯಾರೂ ಅದರ ಕೆನ್ನೆ ಸವರುವುದಿಲ್ಲ. ಕೂಗು, ಕಲ್ಲು, ದೊಣ್ಣೆ. ಗಾಬರಿಗೊಂಡ ಚಿರತೆ ತಿರುಗಿಬಿದ್ದರೆ ಸಾಯುವುದು ಹೊಲಕ್ಕೆ ನೀರು ಹಾಯಿಸಲು ಹೋದ ಯಾರೋ ಬಡವರು. ಮರುದಿನ ಚುಕ್ಕಿ.

“ನಾನು ಮಾಡಿದ್ದು ತಪ್ಪೇ?” ಎಂದೂ ಕೇಳಿದ್ದೀರಿ. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಪ್ರಾಣಿ, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅದು ಕಾನೂನಿನ ಉತ್ತರ. ನನ್ನ ಉತ್ತರ ಬೇರೆ. ಬಹಳ ವರ್ಷಗಳ ಹಿಂದೆ ಇದೇ ಪತ್ರಿಕೆಯ ಮುಖಪುಟದಲ್ಲಿ, ಹಳ್ಳಿಯ ಹುಡುಗಿಯೊಬ್ಬಳು ಚಿರತೆ ಮರಿಗೆ ಬಾಟಲಿ ಹಾಲು ಕುಡಿಸುವ ಚಿತ್ರ ಹಾಕಿದ್ದೆವು. ಆರಿಸಿದವನು ನಾನು. ಆ ಸಂಚಿಕೆಗೆ ಬಂದಷ್ಟು ಪತ್ರಗಳು ಮತ್ತಾವುದಕ್ಕೂ ಬಂದಿರಲಿಲ್ಲ. ಗದ್ದೆಯಲ್ಲಿ ಮರಿ ಸಿಕ್ಕರೆ ಎತ್ತಿ ಸಾಕುವುದೇ ಕರುಣೆ ಎಂದು ಜನ ತಿಳಿದಿದ್ದರೆ ಅದರಲ್ಲಿ ಆ ಮುಖಪುಟದ ಪಾಲೂ ಇದೆ. ನಿಮಗಿಂತ ಮೊದಲು ತಪ್ಪಿದವನು ನಾನು.

ಆ ದಿನ ಗದ್ದೆಯಲ್ಲಿ ಏನಾಗಬೇಕಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಕೆಲವು ವರ್ಷಗಳ ಈಚೆಗೆ. ಮಳವಳ್ಳಿ ಕಡೆಯ ಒಂದು ಕಬ್ಬಿನ ಗದ್ದೆ. ಎರಡು ಮರಿ ಸಿಕ್ಕಿದ್ದವು, ಕಟಾವು ನಿಲ್ಲಿಸಿದ್ದರು. ಸಂಜೆ ಅರಣ್ಯ ರಕ್ಷಕರೊಬ್ಬರು ಬಿದಿರ ಮಂಕರಿಯ ತಳಕ್ಕೆ ತರಗು ಹಾಸಿ, ಕೈಗವಸು ತೊಟ್ಟು ಮರಿಗಳನ್ನಿಟ್ಟು, ಸಿಕ್ಕಿದ ಜಾಗದಲ್ಲೇ ಇರಿಸಿದರು. ಊರಿನವರನ್ನೆಲ್ಲ ಮನೆಗೆ ಕಳುಹಿಸಿದರು. ನಾವು ದೂರದ ಜೀಪಿನಲ್ಲಿ ದೀಪ ಆರಿಸಿ ಕುಳಿತೆವು. ರಾತ್ರಿಯಿಡೀ ಏನೂ ಕಾಣಲಿಲ್ಲ, ಒಮ್ಮೆ ಮಾತ್ರ ಮರಿಗಳು ಕುಂಯ್‌ಗುಟ್ಟಿದ ಸದ್ದು ಕೇಳಿ ನಿಂತುಹೋಯಿತು. ಬೆಳಗ್ಗೆ ಹೋಗಿ ನೋಡಿದರೆ ಮಂಕರಿ ಖಾಲಿ. ತಾಯಿ ಎರಡು ಬಾರಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗಿತ್ತು. ನೀರು ಹಾಯಿಸಿದ ಕಾಲುವೆಯ ಕೆಸರಿನಲ್ಲಿ ಅದರ ಹೆಜ್ಜೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಎಂಬುದು ಬರೀ ನಂಬಿಕೆ. ಗದ್ದೆಯಲ್ಲಿ ಒಂಟಿಯಾಗಿ ಸಿಗುವ ಮರಿ ಅನಾಥವೇ ಆಗಿರಬೇಕಿಲ್ಲ, ತಾಯಿ ಬೇಟೆಗೆ ಹೋಗಿರುತ್ತದೆ, ಇಲ್ಲವೇ ಜನರ ಗದ್ದಲಕ್ಕೆ ಹತ್ತಿರದಲ್ಲೇ ಅಡಗಿರುತ್ತದೆ.

ಚುಕ್ಕಿಯ ತಾಯಿಯೂ ಆ ರಾತ್ರಿ ಬಂದಿದ್ದೀತು. ಇದನ್ನು ಬರೆಯಲು ಕೈ ತಡೆಯಿತು. ಮೊದಲ ಎರಡು ಉತ್ತರಗಳನ್ನು ಹರಿದದ್ದು ಈ ಸಾಲಿನ ಬಳಿಯೇ.

ಈಗ ಚುಕ್ಕಿಗಾಗಿ ಕೇಳಬಹುದಾದದ್ದು ಒಳ್ಳೆಯ ಆವರಣ. ಬನ್ನೇರುಘಟ್ಟದಲ್ಲಿ 2024ರಲ್ಲಿ ಶುರುವಾದ ಚಿರತೆ ಸಫಾರಿಗೆ 20 ಹೆಕ್ಟೇರ್ ಜಾಗ ಕೊಟ್ಟಿದ್ದಾರೆ, ಮರ ಬಂಡೆಗಳಿವೆ. ಕಾಡಿಗೆ ಮರಳಲಾರದ ಪ್ರಾಣಿಗಳಿಗೆ ಅಂಥ ಜಾಗ ಎಲ್ಲ ಕಡೆ ಬೇಕು. ಇಲಾಖೆಗೆ ಈ ಮನವಿ ಬರೆಯುವುದಾದರೆ ನಿಮ್ಮ ಸಹಿಯ ಕೆಳಗೆ ನನ್ನದೂ ಇರುತ್ತದೆ.

ಇನ್ನೊಂದು ಕೆಲಸವಿದೆ. ತಮ್ಮನ ಗದ್ದೆಯಲ್ಲಿ ಈ ಸಾಲಿನ ಕಟಾವು ಮುಂದಿನ ತಿಂಗಳು ಎಂದಿದ್ದೀರಿ. ಇಂದೇ ಫೋನ್ ಮಾಡಿ, ಕಬ್ಬು ಕಡಿಯುವವರಿಗೆ ಮೊದಲೇ ತಿಳಿಸಿಡಲು ಹೇಳಿ: ಮರಿ ಕಂಡರೆ ಮುಟ್ಟಬಾರದು, ಫೋಟೊಗೆಂದು ಎತ್ತಿಕೊಳ್ಳಬಾರದು, ಆ ಸಾಲು ಬಿಟ್ಟು ದೂರ ಸರಿದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ನನ್ನ ಮಾತಿಗಿಂತ ನಿಮ್ಮ ಮಾತನ್ನು ಅವರು ಹೆಚ್ಚು ಕೇಳುತ್ತಾರೆ.

ಪತ್ರದ ಜೊತೆ ಕಳುಹಿಸಿದ ಫೋಟೊವನ್ನು, ನಿಮ್ಮ ಮಡಿಲಲ್ಲಿ ಬಾಟಲಿ ಹಿಡಿದು ಚುಕ್ಕಿ ನಿದ್ದೆಹೋಗಿರುವುದನ್ನು, ಪ್ರಕಟಿಸುತ್ತಿಲ್ಲ. ಕಾರಣ ನಿಮಗೆ ಗೊತ್ತಾಗಿದೆ. ಮಡಚಿಹೋಗದಂತೆ ಎರಡು ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದ್ದೇನೆ. ಶನಿವಾರದೊಳಗೆ ತಲುಪಬೇಕು.

— ಸಂಪಾದಕ