ಮಾತ್ರೆಗೆ ಬಗ್ಗುತ್ತಿದ್ದ ಸಕ್ಕರೆ ಈಗೇಕೆ ಬಗ್ಗುತ್ತಿಲ್ಲ?

ಪ್ರಶ್ನೆ: ನನ್ನ ತಂದೆಯವರಿಗೆ ಹಲವು ವರ್ಷಗಳಿಂದ ಟೈಪ್ 2 ಸಕ್ಕರೆ ಕಾಯಿಲೆ ಇದೆ. ಮೊದಲು ಗ್ಲಿಮೆಪಿರೈಡ್ ಮಾತ್ರೆಯಲ್ಲಿ ಹತೋಟಿಯಲ್ಲಿತ್ತು; ಈಗ ವೈದ್ಯರು ಇನ್ಸುಲಿನ್ ಬೇಕೆನ್ನುತ್ತಾರೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳೆಲ್ಲ ಸತ್ತುಹೋದವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೆಲವು ಸತ್ತಿರಬಹುದು, ಆದರೆ ಬದುಕಿದ್ದೂ ಕೆಲಸ ಮರೆತ ಕೋಶಗಳ ಪಾಲೂ ಸಣ್ಣದಲ್ಲ.

ಇನ್ಸುಲಿನ್ ತಯಾರಿಸುವ, ಮೇದೋಜೀರಕ ಗ್ರಂಥಿಯ ಬೀಟಾ ಕೋಶವು ತನ್ನೊಳಗೆ ಬಂದ ಗ್ಲೂಕೋಸನ್ನು ಉರಿಸಿಯೇ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ತಿಳಿಯುತ್ತದೆ. ಗ್ಲೂಕೋಕೈನೇಸ್ ಎಂಬ ಕಿಣ್ವವು ಗ್ಲೂಕೋಸನ್ನು ಹಿಡಿದು ಈ ಕ್ರಿಯೆಯನ್ನು ಆರಂಭಿಸಿದ ಮೇಲೆ ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳಲ್ಲಿ ಎಟಿಪಿ ಎಂಬ ಶಕ್ತಿವಾಹಕ ಅಣು ಉತ್ಪತ್ತಿಯಾಗುತ್ತದೆ. ಎಟಿಪಿ ಏರಿದಂತೆ ಕೋಶಪೊರೆಯ ಪೊಟ್ಯಾಸಿಯಂ ದ್ವಾರಗಳು ಮುಚ್ಚಿ, ಕ್ಯಾಲ್ಸಿಯಂ ದ್ವಾರಗಳು ತೆರೆದು, ಒಳನುಗ್ಗಿದ ಕ್ಯಾಲ್ಸಿಯಂನ ಪ್ರಚೋದನೆಯಿಂದ ಇನ್ಸುಲಿನ್ ಹೊರಬೀಳುತ್ತದೆ. ಗ್ಲೂಕೋಕೈನೇಸ್ ವಂಶವಾಹಿಯ ಒಂದು ಪ್ರತಿ ಕೆಟ್ಟವರಲ್ಲಿ ಹುಟ್ಟಿನಿಂದಲೇ ಸಕ್ಕರೆ ಸ್ವಲ್ಪ ಮೇಲಿರುವುದೂ, ಅದು ಅಲ್ಲೇ ನಿಂತು ಹೆಚ್ಚಿನವರಿಗೆ ಔಷಧವೇ ಬೇಡವಾಗುವುದೂ, ಈ ಅಳತೆ ಎಷ್ಟು ಅಚ್ಚುಕಟ್ಟೆಂಬುದನ್ನು ತೋರಿಸುತ್ತವೆ.

ತೊಂದರೆಯೂ ಇಲ್ಲಿಂದಲೇ ಹುಟ್ಟುತ್ತದೆ. ರಕ್ತದಲ್ಲಿ ಸಕ್ಕರೆ ತಿಂಗಳುಗಟ್ಟಲೆ ಹೆಚ್ಚಾಗಿಯೇ ಉಳಿದರೆ ಕೋಶವು ಬಿಡುವಿಲ್ಲದೆ ಉರಿಸುತ್ತಲೇ ಇರಬೇಕಾಗುತ್ತದೆ. ಉತ್ಕರ್ಷಣದ ಹಾನಿಯನ್ನು ತಡೆಯುವ ಕ್ಯಾಟಲೇಸ್‌ನಂಥ ಕಿಣ್ವಗಳು ಬೀಟಾ ಕೋಶದಲ್ಲಿ ತೀರಾ ಕಡಿಮೆಯಾದ್ದರಿಂದ ಮೈಟೊಕಾಂಡ್ರಿಯಗಳು ಸೊರಗಿ, ಗ್ಲೂಕೋಸ್ ಏರಿದರೂ ಎಟಿಪಿ ಏರದ ಸ್ಥಿತಿ ಬರುತ್ತದೆ. ಆಕ್ಸ್‌ಫರ್ಡ್‌ನ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ಅವರ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಕೋಶವನ್ನು ಕೆಡಿಸುವುದು ಗ್ಲೂಕೋಸಿಗಿಂತ ಮುಖ್ಯವಾಗಿ ಅದರ ಚಯಾಪಚಯದ ಉತ್ಪನ್ನಗಳು. ಗ್ಲೂಕೋಕೈನೇಸನ್ನು ಭಾಗಶಃ ತಡೆದಾಗ ಹಾನಿ ತಗ್ಗಿತು. ಇದು ಪ್ರಯೋಗಾಲಯದ ಮಾತು, ಇನ್ನೂ ಚಿಕಿತ್ಸೆಯಲ್ಲ.

ಗ್ಲಿಮೆಪಿರೈಡ್ ಎಟಿಪಿಗಾಗಿ ಕಾಯದೆ ಪೊಟ್ಯಾಸಿಯಂ ದ್ವಾರವನ್ನು ನೇರವಾಗಿ ಮುಚ್ಚುತ್ತದೆ. ಬಿಡುಗಡೆ ಮಾಡಲು ಇನ್ಸುಲಿನ್ ದಾಸ್ತಾನೇ ಕುಗ್ಗಿದಾಗ ದ್ವಾರ ಮುಚ್ಚಿ ಪ್ರಯೋಜನ ಅಷ್ಟಕ್ಕಷ್ಟೆ. ಚುಚ್ಚುಮದ್ದನ್ನು ಅನೇಕರು ಸೋಲೆಂದು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಉಳಿದ ಕೋಶಗಳ ಮೇಲಿನ ಹೊರೆಯನ್ನು ಇಳಿಸುವ ದಾರಿ. ಕೋಶಗಳು ಚೇತರಿಸಿಕೊಳ್ಳಬಲ್ಲವೆಂಬುದಕ್ಕೆ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನವಿದೆ: ಅಲ್ಲಿ ಕಟ್ಟುನಿಟ್ಟಿನ ಆಹಾರದಿಂದ ತೂಕ ಇಳಿಸಿದ ಗುಂಪಿನ ಶೇ 46ರಷ್ಟು ಜನರ ಸಕ್ಕರೆ ಒಂದು ವರ್ಷದ ಹೊತ್ತಿಗೆ ಔಷಧವಿಲ್ಲದೆ ಹತೋಟಿಗೆ ಬಂದಿತ್ತು. ಆದರೆ ಅವರೆಲ್ಲ ಕಾಯಿಲೆ ಪತ್ತೆಯಾಗಿ 6 ವರ್ಷ ಮೀರದವರು, ಇನ್ಸುಲಿನ್ ಆರಂಭಿಸದವರು. ನಿಮ್ಮ ತಂದೆಯವರ ವಿಷಯದಲ್ಲಿ ಅಷ್ಟು ನಿರೀಕ್ಷಿಸಲಾಗದು.

ಸಿ-ಪೆಪ್ಟೈಡ್ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ದೇಹ ತಾನೇ ಇನ್ಸುಲಿನ್ ತಯಾರಿಸಿದಾಗ ಮಾತ್ರ ಜೊತೆಯಲ್ಲಿ ಹೊರಬರುವ, ಚುಚ್ಚುಮದ್ದಿನಲ್ಲಿ ಇಲ್ಲದ ತುಣುಕು ಅದಾದ್ದರಿಂದ, ಸ್ವಂತ ಸ್ರವಿಕೆ ಎಷ್ಟು ಉಳಿದಿದೆಯೆಂಬ ಅಂದಾಜು ಸಿಗುತ್ತದೆ. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.